ಹಳೆಯ ಮೋಟರ್‌ಹೋಮಿಗೆ ಹೊಸ ಹೆಡರ್: ಶಕ್ತಿಗಿಂತ ಮೊದಲು ಶಾಖದ ಲೆಕ್ಕ

ಅಮೆರಿಕದಲ್ಲಿ 1980 ಮತ್ತು 1990ರ ದಶಕಗಳಲ್ಲಿ ತಯಾರಾಗಿ ಇಂದಿಗೂ ರಸ್ತೆಯಲ್ಲಿರುವ ಪೆಟ್ರೋಲ್ ಮೋಟರ್‌ಹೋಮ್‌ಗಳ, ಅಂದರೆ ಹಾಸಿಗೆ, ಒಲೆ, ಶೌಚಾಲಯ, ನೀರಿನ ತೊಟ್ಟಿಗಳನ್ನೆಲ್ಲ ಹೊತ್ತು ಸಾಗುವ ಸಂಚಾರಿ ಮನೆಗಳ ಪೈಕಿ, ದೊಡ್ಡ ಗಾತ್ರದವುಗಳಲ್ಲಿ ಬಹುಪಾಲು ಎರಡು ಎಂಜಿನ್‌ಗಳಲ್ಲಿ ಒಂದನ್ನು ನೆಚ್ಚಿಕೊಂಡಿವೆ. ಒಂದು, 1970ರಲ್ಲಿ ಬಳಕೆಗೆ ಬಂದ ಷೆವರ್ಲೆಯ 454 ಘನ ಇಂಚಿನ, ಎಂದರೆ 7.4 ಲೀಟರಿನ ಎಂಜಿನ್. ಇನ್ನೊಂದು, 1968ರ ಮಾದರಿಯ ಲಿಂಕನ್ ಕಾರುಗಳೊಂದಿಗೆ ಆರಂಭವಾಗಿ ಮುಂದೆ ಲಾರಿಗಳಿಗೂ ಇಳಿದ ಫೋರ್ಡ್‌ನ 460 ಘನ ಇಂಚಿನ, 7.5 ಲೀಟರಿನ ಎಂಜಿನ್. ವಿನ್ನೆಬೇಗೊದಂಥ ಮೋಟರ್‌ಹೋಮ್ ತಯಾರಕರು ಎಂಜಿನ್, ಗೇರ್‌ಬಾಕ್ಸ್, ಚಕ್ರಗಳ ಸಮೇತ ಬರಿ ಚಾಸಿಯನ್ನು ಈ ಕಂಪನಿಗಳಿಂದ ಕೊಂಡು ಅದರ ಮೇಲೆ ಮನೆಯನ್ನು ಕಟ್ಟುತ್ತಿದ್ದರು. ಕಾರು, ಲಾರಿಗಳಿಗೆಂದು ರೂಪುಗೊಂಡ ಎಂಜಿನ್ ಹೀಗೆ ಆರರಿಂದ ಎಂಟು ಟನ್ ತೂಗುವ, ಮುಂಭಾಗ ಗೋಡೆಯಂತೆ ಚಪ್ಪಟೆಯಾದ ವಾಹನವನ್ನು ಗಂಟೆಗಟ್ಟಲೆ ಎಳೆಯಬೇಕಾಗಿ ಬಂದಾಗ, ಮೊದಲು ಸೋಲುವ ಭಾಗಗಳಲ್ಲಿ ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು.

ಮ್ಯಾನಿಫೋಲ್ಡ್ ಎಂದರೆ ಸಿಲಿಂಡರ್‌ಗಳಿಂದ ಹೊರಬೀಳುವ ಉರಿದ ಅನಿಲವನ್ನು ಒಟ್ಟುಗೂಡಿಸಿ ಒಂದೇ ಕೊಳವೆಗೆ ಸಾಗಿಸುವ, ಬೀಡು ಕಬ್ಬಿಣದಲ್ಲಿ ಎರಕ ಹೊಯ್ದ ದಪ್ಪ ಭಾಗ. ಎಂಟು ಸಿಲಿಂಡರ್‌ಗಳನ್ನು ನಾಲ್ಕು ನಾಲ್ಕಾಗಿ ಎರಡು ಸಾಲುಗಳಲ್ಲಿ ವಿ ಆಕಾರಕ್ಕೆ ಓರೆಯಾಗಿ ನಿಲ್ಲಿಸಿದ ಈ ಎಂಜಿನ್‌ಗಳಿಗೆ ಎಡಕ್ಕೊಂದು, ಬಲಕ್ಕೊಂದು ಮ್ಯಾನಿಫೋಲ್ಡ್ ಇರುತ್ತದೆ. ಅದರ ಬದಲಿಗೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾದ ಉಕ್ಕಿನ ಕೊಳವೆಯನ್ನು ಬಾಗಿಸಿ, ಸ್ವಲ್ಪ ದೂರದವರೆಗೆ ಬೇರೆ ಬೇರೆಯಾಗಿಯೇ ಒಯ್ದು, ಕೊನೆಗೆ ಒಂದೆಡೆ ಬೆಸೆದ ಜೋಡಣೆಗೆ ಹೆಡರ್ ಎಂದು ಹೆಸರು. ವಾಹನದ ಮೂಲ ತಯಾರಕರಲ್ಲದ ಬೇರೆ ಕಂಪನಿಗಳು ಇದನ್ನು ತಯಾರಿಸಿ ಮಾರುತ್ತವೆ. ಕ್ಯಾಲಿಫೋರ್ನಿಯಾದ ಗೇಲ್ ಬ್ಯಾಂಕ್ಸ್ ಮತ್ತು ಡಗ್ ಥಾರ್ಲಿ ಎಂಬ ಹೆಸರುಗಳು ಮೋಟರ್‌ಹೋಮ್ ಮಾಲೀಕರ ನಡುವೆ ಮನೆಮಾತಾಗಿರುವುದು ಈ ಎರಡೂ ಎಂಜಿನ್‌ಗಳಿಗೆಂದೇ ಅವರು ಹೆಡರ್ ರೂಪಿಸಿದ್ದರಿಂದ. ಜಾಹೀರಾತುಗಳಲ್ಲಿ ಹೆಡರ್‌ನ ಗುಣವನ್ನು ಸಾಮಾನ್ಯವಾಗಿ ಅಶ್ವಶಕ್ತಿಯ ಲೆಕ್ಕದಲ್ಲಿ ಹೇಳಲಾಗುತ್ತದೆ. ಹಳೆಯ ಮೋಟರ್‌ಹೋಮಿನ ಮಟ್ಟಿಗೆ ಆ ಅಳತೆಗೋಲೇ ಸರಿಯಲ್ಲ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದು, ಎರಡನೆಯದು ಅನಿಲ ಎಲ್ಲಿಯಾದರೂ ಸೋರುತ್ತದೆಯೇ ಎಂಬುದು, ಶಕ್ತಿಯ ಮಾತು ಆಮೇಲಿನದು.

ಎಂಜಿನ್ ಕುಡಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಶಾಖವಾಗಿ ಎಕ್ಸಾಸ್ಟ್ ಮೂಲಕವೇ ಹೊರಹೋಗುತ್ತದೆ. ಖಾಲಿ ಕಾರು ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಈ ಪ್ರಮಾಣ ಅಷ್ಟು ಬಾಧಿಸುವುದಿಲ್ಲ, ಏಕೆಂದರೆ ಆಗ ಉರಿಯುವ ಇಂಧನವೇ ಅಲ್ಪ. ಲೀಟರಿಗೆ ಮೂರು-ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಮೋಟರ್‌ಹೋಮ್ ಕೊಲರಾಡೊದ ಘಟ್ಟವನ್ನೋ ಕ್ಯಾಲಿಫೋರ್ನಿಯಾದ ಮರುಭೂಮಿಯ ಅಂಚಿನ ಉದ್ದನೆಯ ಏರನ್ನೋ ಹತ್ತುವಾಗ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಯೇ ಇರುತ್ತದೆ, ವೇಗ ಮಾತ್ರ ಇಳಿಯುತ್ತಲೇ ಹೋಗುವುದರಿಂದ ತಂಪು ಮಾಡುವ ಎದುರುಗಾಳಿಯೂ ಕಡಿಮೆಯಾಗುತ್ತದೆ. ಹೊರಬೀಳುವ ಅನಿಲ ಆಗ 700 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು, ರಾತ್ರಿಯ ಹೊತ್ತಾದರೆ ಮ್ಯಾನಿಫೋಲ್ಡ್ ಮಂದ ಕೆಂಪಾಗಿ ಹೊಳೆಯುವುದು ಕಣ್ಣಿಗೇ ಕಾಣುತ್ತದೆ. ಇದೆಲ್ಲ ನಡೆಯುವ ಜಾಗವಾದರೂ ಎಂಥದು? ಬಸ್ಸಿನಾಕಾರದ ಮೋಟರ್‌ಹೋಮ್‌ಗಳಲ್ಲಿ ಎಂಜಿನ್ ಚಾಲಕನ ಮತ್ತು ಪಕ್ಕದವರ ಆಸನಗಳ ನಡುವೆ, ಡಾಗ್‌ಹೌಸ್ ಎಂದು ಕರೆಯುವ ತೆಗೆದಿಡಬಹುದಾದ ಮುಚ್ಚಳದ ಕೆಳಗೆ ಅಡಗಿರುತ್ತದೆ. ಗಾಳಿ ಬರಲು ಮುಂದೆ ದಾರಿಯಿದೆ, ಹಿಂದೆ ಹೊರಹೋಗಲು ಸರಿಯಾದ ದಾರಿಯಿಲ್ಲ. ಆದ್ದರಿಂದ ಹಿಂಬದಿಯ ಸಿಲಿಂಡರ್‌ಗಳ ಸುತ್ತ ಶಾಖ ಹೆಚ್ಚು ಶೇಖರವಾಗುತ್ತದೆ.

ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬ ಶಾಲೆಯ ಪಾಠವನ್ನು ಇಲ್ಲಿ ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಬೀಡು ಕಬ್ಬಿಣ ಒಂದು ಡಿಗ್ರಿ ಕಾದಾಗ ಪ್ರತಿ ಮೀಟರಿಗೆ ಒಂದು ಮಿಲಿಮೀಟರಿನ ಸುಮಾರು ನೂರನೆಯ ಒಂದು ಭಾಗದಷ್ಟು ಉದ್ದವಾಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಬಿಸಿಯೇರಿದರೆ ಎರಡೂವರೆ ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ಅದನ್ನು ಬೋಲ್ಟುಗಳಿಂದ ಬಿಗಿದಿರುವ ಸಿಲಿಂಡರ್ ಹೆಡ್ಡು, ತನ್ನೊಳಗೆ ಹರಿಯುವ ನೀರಿನಿಂದಾಗಿ ಬಿಸಿನೀರಿನ ಮಟ್ಟದಲ್ಲಿಯೇ ಉಳಿದು, ಅರ್ಧ ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಈ ಎರಡು ಮಿಲಿಮೀಟರಿನ ಜಗಳವನ್ನು ಸಹಿಸಬೇಕಾದದ್ದು ಬೋಲ್ಟುಗಳು, ಅದರಲ್ಲಿಯೂ ಎರಡು ತುದಿಗಳಲ್ಲಿರುವವು. ಜಾರಿಕೊಳ್ಳಲು ಎಡೆಯಿಲ್ಲದ ಕಬ್ಬಿಣ ಕೆಂಪಗೆ ಕಾದಿದ್ದಾಗ ತನ್ನೊಳಕ್ಕೆ ತಾನೇ ಕುಸಿಯುತ್ತದೆ, ತಣ್ಣಗಾದ ಮೇಲೆ ಮೊದಲಿದ್ದದ್ದಕ್ಕಿಂತ ಗಿಡ್ಡವಾಗುತ್ತದೆ. ಸಾವಿರಾರು ಸಲ ಕಾದು ಆರಿದ ಬಳಿಕ ತುದಿಯ ಬೋಲ್ಟುಗಳ ತಲೆ ಮುರಿದುಬೀಳುತ್ತದೆ, ಇಲ್ಲವೇ ಮ್ಯಾನಿಫೋಲ್ಡೇ ಸೀಳುತ್ತದೆ ಅಥವಾ ಬಾಗುತ್ತದೆ. ಹೀಗೆ ಕುಗ್ಗಿದ ಮ್ಯಾನಿಫೋಲ್ಡನ್ನು ಒಮ್ಮೆ ಬಿಚ್ಚಿದರೆ ಅದರ ರಂಧ್ರಗಳು ಹೆಡ್ಡಿನ ರಂಧ್ರಗಳಿಗೆ ಮತ್ತೆ ಕೂಡದಿರಬಹುದು. ಬಿಚ್ಚಿ ನೋಡಿ, ಸರಿಬರದಿದ್ದರೆ ಹಳೆಯದನ್ನೇ ಮರಳಿ ಕೂರಿಸೋಣ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಕೊಳ್ಳುವವರು ಮುಂಚೆಯೇ ತಿಳಿದಿರಬೇಕು.

ಹೆಡರ್ ಈ ತೊಂದರೆಗೆ ಎರಡು ರೀತಿಯಲ್ಲಿ ಉತ್ತರ ಕೊಡುತ್ತದೆ. ಬಾಗಿದ ಉಕ್ಕಿನ ಕೊಳವೆಗಳು ಬಳುಕಬಲ್ಲವು, ಹಿಗ್ಗುವಿಕೆಯ ಒತ್ತಡವನ್ನು ತಮ್ಮ ಬಾಗುಗಳಲ್ಲಿ ಹಂಚಿಕೊಳ್ಳಬಲ್ಲವು; ಕೆಲವು ತಯಾರಕರು ಹೆಡ್ಡಿಗೆ ಒತ್ತಿ ಕೂರುವ ಫ್ಲ್ಯಾಂಜ್ ಎಂಬ ಚಪ್ಪಟೆ ಪಟ್ಟಿಯನ್ನು ಪ್ರತಿ ಸಿಲಿಂಡರಿನ ಬಾಯಿಗೆ ಬೇರೆ ಬೇರೆಯಾಗಿ ಕತ್ತರಿಸಿಯೇ ಕೊಡುವುದು ಇದೇ ಕಾರಣಕ್ಕೆ. ಎರಡನೆಯದು ಅನಿಲದ ಹರಿವಿಗೆ ಸಂಬಂಧಿಸಿದ್ದು. ಎಕ್ಸಾಸ್ಟ್ ಕವಾಟ ತೆರೆದ ಕ್ಷಣದಲ್ಲಿ ಅನಿಲ ಸಮನಾಗಿ ಹರಿಯದೆ ಹೊಡೆತದಂತೆ ನುಗ್ಗುತ್ತದೆ, ಆ ಒತ್ತಡದ ಅಲೆ ಬಿಸಿ ಅನಿಲದಲ್ಲಿ ಸೆಕೆಂಡಿಗೆ 500 ಮೀಟರಿಗೂ ಮೀರಿದ ವೇಗದಲ್ಲಿ ಸಾಗುತ್ತದೆ. ಕೊಳವೆ ಇದ್ದಕ್ಕಿದ್ದಂತೆ ಅಗಲವಾಗುವ ಕಡೆಯಲ್ಲಿ, ಅಂದರೆ ನಾಲ್ಕು ಕೊಳವೆಗಳು ಕೂಡುವಲ್ಲಿ, ಅಲೆಯ ಒಂದು ಭಾಗ ಈಗ ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ; ಅದು ಕವಾಟ ಮುಚ್ಚುವ ಮೊದಲು ತಲುಪಿದರೆ ಸಿಲಿಂಡರಿನಲ್ಲಿ ಉಳಿದ ಅನಿಲವನ್ನು ಹೊರಗೆ ಸೆಳೆಯಲು ನೆರವಾಗುತ್ತದೆ.

ಇಲ್ಲಿ ಸಿಲಿಂಡರ್‌ಗಳು ಉರಿಯುವ ಸರದಿ ಮುಖ್ಯವಾಗುತ್ತದೆ. ಫೋರ್ಡ್ 460ರಲ್ಲಿ ಬಲಸಾಲಿಗೆ 1ರಿಂದ 4, ಎಡಸಾಲಿಗೆ 5ರಿಂದ 8 ಎಂದು ಎಣಿಕೆ. ಉರಿಯುವ ಸರದಿ 1-5-4-2-6-3-7-8. ಎಂಜಿನ್ನಿನ ಮುಖ್ಯ ದಂಡ 90 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ. ಸರದಿಯನ್ನು ಗಮನಿಸಿದರೆ ಬಲಸಾಲಿನ 4 ಮತ್ತು 2, ಎಡಸಾಲಿನ 7 ಮತ್ತು 8 ಒಂದರ ಬೆನ್ನಿಗೆ ಒಂದು ಬರುವುದು ಕಾಣುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಆ 90 ಡಿಗ್ರಿಯ ಅಂತರ ಕೇವಲ 5 ಮಿಲಿಸೆಕೆಂಡು. ಎಕ್ಸಾಸ್ಟ್ ಕವಾಟವಾದರೋ ದಂಡ ಅರ್ಧ ಸುತ್ತಿಗಿಂತಲೂ ಹೆಚ್ಚು ತಿರುಗುವಷ್ಟು ಹೊತ್ತು ತೆರೆದೇ ಇರುತ್ತದೆ. ಹೀಗಾಗಿ ಗಿಡ್ಡನೆಯ ಎರಕದ ಮ್ಯಾನಿಫೋಲ್ಡಿನಲ್ಲಿ, ಕಿರಿದಾದ ಒಂದೇ ಬಾಗಿಲಿನಿಂದ ಇಬ್ಬರು ಒಟ್ಟಿಗೆ ಹೊರನುಗ್ಗಲು ಹೆಣಗುವಂತೆ, 2ರ ಹೊಡೆತ ಇನ್ನೂ ಖಾಲಿಯಾಗುತ್ತಿರುವ 4ರ ಬಾಯಿಗೆ ಅಡ್ಡಬರುತ್ತದೆ.

ಟ್ರೈ-ವೈ ಎಂಬ ಜೋಡಣೆ ಈ ಘರ್ಷಣೆಯನ್ನು ತಪ್ಪಿಸಲೆಂದೇ ಇರುವಂಥದು. ಅದರಲ್ಲಿ ನಾಲ್ಕು ಕೊಳವೆಗಳು ಒಮ್ಮೆಲೇ ಒಂದಾಗುವುದಿಲ್ಲ. ಎರಡೆರಡು ಸೇರಿ ಎರಡಾಗುತ್ತವೆ, ಆ ಎರಡು ಇನ್ನೂ ಮುಂದೆ ಹೋಗಿ ಒಂದಾಗುತ್ತವೆ. ಫೋರ್ಡ್‌ನ ಬಲಸಾಲಿನಲ್ಲಿ 1ನ್ನು 2ರ ಜೊತೆ, 3ನ್ನು 4ರ ಜೊತೆ ಕೂಡಿಸಿದರೆ ಪ್ರತಿ ಜೋಡಿಯ ಹೊಡೆತಗಳ ನಡುವೆ 270 ಮತ್ತು 450 ಡಿಗ್ರಿಗಳ ಬಿಡುವು ದೊರೆಯುತ್ತದೆ, ಬೆನ್ನುಬೆನ್ನಿಗೆ ಬರುವ 4 ಮತ್ತು 2 ಬೇರೆ ಬೇರೆ ಕೊಳವೆಗಳ ಪಾಲಾಗುತ್ತವೆ. ಇದರ ಲಾಭ ಕೆಳಗಿನ ಮತ್ತು ನಡುವಣ ವೇಗಗಳಲ್ಲಿ ಹೆಚ್ಚು; ರೇಸ್ ಕಾರುಗಳಿಗೆ ಬೇಕಾದ ಮೇಲಿನ ವೇಗದಲ್ಲಿ ನಾಲ್ಕನ್ನೂ ಒಮ್ಮೆಲೇ ಕೂಡಿಸುವ ದಪ್ಪ ಕೊಳವೆಗಳೇ ಮೇಲು. ನಿಮಿಷಕ್ಕೆ 2,000ದಿಂದ 4,000 ಸುತ್ತುಗಳ ನಡುವೆಯೇ ಬದುಕು ಸವೆಸುವ ಮೋಟರ್‌ಹೋಮ್ ಎಂಜಿನ್ನಿಗೆ ಯಾವುದು ಒಪ್ಪುತ್ತದೆ ಎಂಬುದರಲ್ಲಿ ಅನುಮಾನಕ್ಕೆಡೆಯಿಲ್ಲ. ಕೊಳವೆಯ ವ್ಯಾಸದಲ್ಲಿಯೂ ಇದೇ ವಿವೇಕ ಬೇಕು: ಅಗಲ ಹೆಚ್ಚಿದಷ್ಟೂ ಅನಿಲದ ವೇಗ ಕುಗ್ಗಿ ಸೆಳೆತ ಸಡಿಲಾಗುವುದರಿಂದ ಎರಡು ಇಂಚಿನ ಕೊಳವೆ ಇಲ್ಲಿ ಭೂಷಣವಲ್ಲ, ಒಂದೂಮುಕ್ಕಾಲು ಇಂಚಿನ ಆಸುಪಾಸಿನದು ಸಾಕು.

ಹಾಗಾದರೆ ಹೆಡರ್ ಹಾಕಿದೊಡನೆ ಘಟ್ಟಗಳು ಚಪ್ಪಟೆಯಾಗುತ್ತವೆಯೇ? ಇಲ್ಲ. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಮಾದರಿಯ ಈ ಎಂಜಿನ್‌ಗಳ ಶಕ್ತಿ ಮೂಲದಲ್ಲಿ ಸುಮಾರು 230 ಅಶ್ವಶಕ್ತಿ. ಏರಿನಲ್ಲಿ ಒಂದು ಗೇರ್ ಮೇಲೆಯೇ ಉಳಿಯುವಷ್ಟು ಚೇತರಿಕೆ ಸಿಕ್ಕರೆ ಅದನ್ನು ಒಳ್ಳೆಯ ಫಲವೆಂದೇ ಎಣಿಸಬೇಕು, ಪೆಟ್ರೋಲ್ ಉಳಿತಾಯದಿಂದ ಹೆಡರ್‌ನ ಬೆಲೆ ಹಿಂದೆ ಬರುತ್ತದೆಂದು ನಂಬಬಾರದು. ಮೇಲಾಗಿ, ಉಸಿರುಗಟ್ಟುವಿಕೆಗೆ ಕಾರಣ ಬಹಳ ಸಲ ಮ್ಯಾನಿಫೋಲ್ಡ್ ಆಗಿರುವುದೇ ಇಲ್ಲ. ಮುಂದೆ ಎಂಜಿನ್ ಇರುವ ಹತ್ತು ಮೀಟರ್ ಉದ್ದದ ವಾಹನದಲ್ಲಿ ಹೊಗೆಕೊಳವೆ ತೊಟ್ಟಿಗಳನ್ನೂ ಅಚ್ಚುಗಳನ್ನೂ ಸುತ್ತಿ ಬಳಸಿ ಸಾಗಬೇಕು, ಎಷ್ಟೋ ಬಾರಿ ಒಳಗೆ ಕುಸಿದ ಹಳೆಯ ಸೈಲೆನ್ಸರ್ ಅಥವಾ ಕರಗಿ ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ವಿಷಾನಿಲವನ್ನು ರಾಸಾಯನಿಕವಾಗಿ ಶುದ್ಧಗೊಳಿಸುವ ಡಬ್ಬಿ, ದಾರಿಯನ್ನು ಮುಚ್ಚಿರುತ್ತದೆ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿದ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿ, 2,500 ಸುತ್ತಿನಲ್ಲಿ ಚದರ ಇಂಚಿಗೆ 3 ಪೌಂಡಿಗಿಂತ ಹೆಚ್ಚು ಒತ್ತಡ ತೋರಿದರೆ ಮುಂದಿನ ಕೊಳವೆಗಳನ್ನು ಮೊದಲು ನೋಡುವುದು ಮೆಕ್ಯಾನಿಕ್‌ಗಳ ವಾಡಿಕೆ. ಮ್ಯಾನಿಫೋಲ್ಡ್ ಬಿರುಕಿಲ್ಲದೆ ಬಿಗಿಯಾಗಿದ್ದರೆ ಅದನ್ನು ಮುಟ್ಟದೆ ಸೈಲೆನ್ಸರನ್ನಷ್ಟೇ ಬದಲಿಸುವುದು ಜಾಣತನ. ಅದು ಒಡೆದಿದ್ದರೆ ಮಾತ್ರ ಹೊಸ ಎರಕದ ಮ್ಯಾನಿಫೋಲ್ಡೋ ಹೆಡರೋ ಎಂಬ ಪ್ರಶ್ನೆ ನಿಜವಾಗಿ ಹುಟ್ಟುತ್ತದೆ.

ಒಡೆದದ್ದನ್ನು ಗುರುತಿಸುವುದು ಕಷ್ಟವಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಎಂದು ಕೇಳಿಸಿ, ಕೆಲವು ನಿಮಿಷಗಳಲ್ಲಿ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡೊಡನೆ ನಿಂತುಹೋಗುವ ಸದ್ದು ಮೊದಲ ಸುಳಿವು. ಡಾಗ್‌ಹೌಸ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಸೋರುವ ಸಿಲಿಂಡರಿನ ಬಾಯಿಯ ಎದುರು ಮಸಿಯ ಗೆರೆ ಬೀಸಣಿಗೆಯಂತೆ ಹರಡಿರುತ್ತದೆ, ಹಿಂದಿನ ಮೂಲೆಯಲ್ಲಿ ಬೋಲ್ಟಿನ ತಲೆ ಇರಬೇಕಾದಲ್ಲಿ ಬರಿಯ ರಂಧ್ರ ಕಾಣುವುದೂ ಉಂಟು. ಇಂಧನ ಇಂಜೆಕ್ಷನ್ ಇರುವ ಎಂಜಿನ್‌ಗಳಲ್ಲಿ ಈ ಸೋರಿಕೆ ಇನ್ನೊಂದು ಮೋಸವನ್ನೂ ಮಾಡುತ್ತದೆ: ಎರಡು ಹೊಡೆತಗಳ ನಡುವಣ ಕ್ಷಣದಲ್ಲಿ ಬಿರುಕು ಹೊರಗಿನ ಗಾಳಿಯನ್ನು ಒಳಗೆಳೆಯುವುದರಿಂದ, ಮುಂದಿರುವ ಸೆನ್ಸರ್ ಆಮ್ಲಜನಕ ಹೆಚ್ಚಿದೆ, ಪೆಟ್ರೋಲ್ ಸಾಲದು ಎಂದು ಭ್ರಮಿಸುತ್ತದೆ, ಕಂಪ್ಯೂಟರ್ ಬೇಡದ ಪೆಟ್ರೋಲನ್ನು ಸುರಿಯುತ್ತದೆ.

ಕೊಳ್ಳುವಾಗ ಎಂಜಿನ್ನಿನ ಹೆಸರಷ್ಟೇ ಹೇಳಿದರೆ ಸಾಲದು. ಅದೇ 460 ಎಂಜಿನ್ ಫೋರ್ಡ್‌ನ ಪಿಕಪ್‌ನಲ್ಲಿಯೂ, ಇ-350 ವ್ಯಾನಿನಲ್ಲಿಯೂ, ದೊಡ್ಡ ಮೋಟರ್‌ಹೋಮಿನ ಎಫ್-53 ಚಾಸಿಯಲ್ಲಿಯೂ ಇದೆ, 454 ಕೂಡ ಪಿಕಪ್‌ನಲ್ಲಿಯೂ ಪಿ-30 ಚಾಸಿಯಲ್ಲಿಯೂ ಇದೆ. ಆದರೆ ಚಾಸಿಯ ತೊಲೆ, ಸ್ಟೀರಿಂಗ್ ಪೆಟ್ಟಿಗೆ, ಸ್ಟಾರ್ಟರ್ ಮೋಟರ್, ಗೇರ್‌ಬಾಕ್ಸಿನ ಕಡ್ಡಿಗಳು ಪ್ರತಿಯೊಂದರಲ್ಲಿ ಬೇರೆ ಬೇರೆ ಕಡೆ ಇರುವುದರಿಂದ ಪಿಕಪ್‌ಗೆಂದು ಬಾಗಿಸಿದ ಕೊಳವೆ ಮೋಟರ್‌ಹೋಮಿನ ತೊಲೆಗೆ ಬಡಿದು ನಿಲ್ಲಬಹುದು. ಚಾಸಿಯ ತಯಾರಿಕಾ ವರ್ಷ ಮೋಟರ್‌ಹೋಮಿನ ಮಾದರಿ ವರ್ಷಕ್ಕಿಂತ ಹಿಂದಿನದಾಗಿರುವುದೂ ಸಾಮಾನ್ಯ, ಹಾಗಾಗಿ ಚಾಸಿಯ ಫಲಕವನ್ನೇ ಓದಿ ಆರ್ಡರ್ ಕೊಡಬೇಕು. ಗಾಳಿ ಪಂಪಿನ ಕೊಳವೆ, ಸೆನ್ಸರಿನ ಥ್ರೆಡ್, ಕಾರ್ಬುರೇಟರ್ ಎಂಜಿನ್ನಾದರೆ ಚೋಕ್‌ಗೆ ಬಿಸಿಗಾಳಿ ಒಯ್ಯುವ ಸಣ್ಣ ಕೊಳವೆ, ಇವುಗಳಲ್ಲಿ ಹಳೆಯ ಮ್ಯಾನಿಫೋಲ್ಡಿನಲ್ಲಿ ಏನೇನು ಇದ್ದುವೋ ಅವೆಲ್ಲಕ್ಕೂ ಹೊಸದರಲ್ಲಿ ಸ್ಥಾನ ಇದೆಯೇ ಎಂದು ಎದುರಿಟ್ಟು ತಾಳೆ ನೋಡುವುದು ಅಗತ್ಯ.

ಲೋಹದ ವಿಷಯದಲ್ಲಿ ಅಗ್ಗದ ಆಸೆ ಕೆಟ್ಟದ್ದು. ಸಾಮಾನ್ಯ ಕಾರಿನ ಹೆಡರ್‌ಗೆ ನಡೆಯುವ 18 ಗೇಜಿನ, ಎಂದರೆ 1.2 ಮಿಲಿಮೀಟರ್ ದಪ್ಪದ ಕೊಳವೆ ಘಟ್ಟದ ಶಾಖಕ್ಕೆ ತಡೆಯದು, 1.5 ಮಿಲಿಮೀಟರಿನ 16 ಗೇಜು ಕನಿಷ್ಠ, 1.9 ಮಿಲಿಮೀಟರಿನ 14 ಗೇಜು ಉತ್ತಮ. ಫ್ಲ್ಯಾಂಜ್ ಸುಮಾರು 9.5 ಮಿಲಿಮೀಟರ್ ದಪ್ಪವಿದ್ದರೆ ಬಾಗುವ ಭಯ ಕಡಿಮೆ. ಬರಿಯ ಉಕ್ಕಿಗೆ ಕಪ್ಪು ಬಣ್ಣ ಬಳಿದದ್ದು ಮೊದಲ ಪ್ರವಾಸದಲ್ಲಿಯೇ ಸುಟ್ಟು ತುಕ್ಕಿಗೆ ದಾರಿಯಾಗುತ್ತದೆ, ಸ್ಟೇನ್‌ಲೆಸ್ ಉಕ್ಕು ಬಾಳುತ್ತದೆ ಆದರೆ ದುಬಾರಿ. ಒಳಗೂ ಹೊರಗೂ ಸೆರಾಮಿಕ್ ಲೇಪ ಕೊಡಿಸಿದ ಉಕ್ಕು ಹೆಚ್ಚಿನವರಿಗೆ ಹೊಂದುವ ಮಾರ್ಗ. ಆ ಲೇಪಕ್ಕೆ ತುಕ್ಕು ತಡೆಯುವುದಕ್ಕಿಂತ ದೊಡ್ಡ ಕೆಲಸವೊಂದಿದೆ. ತೆಳು ಕೊಳವೆಗಳು ಎರಕಕ್ಕಿಂತ ಬೇಗ ಕಾಯುತ್ತವೆ, ಅವುಗಳ ಮೇಲ್ಮೈಯೂ ಹೆಚ್ಚು, ಆದ್ದರಿಂದ ಲೇಪವಿಲ್ಲದ ಹೆಡರ್ ಡಾಗ್‌ಹೌಸಿನೊಳಗೆ ಹಳೆಯ ಮ್ಯಾನಿಫೋಲ್ಡಿಗಿಂತ ಹೆಚ್ಚು ಬಿಸಿ ಚೆಲ್ಲಬಹುದು. ಲೇಪ ಶಾಖವನ್ನು ಕೊಳವೆಯೊಳಗೇ ಹಿಡಿದಿಟ್ಟು ಹಿಂದಕ್ಕೆ ಸಾಗಿಸುತ್ತದೆ. ಗಾಜಿನ ನಾರಿನ ಪಟ್ಟಿ ಸುತ್ತುವ ಅಗ್ಗದ ಉಪಾಯ ಶಾಖವನ್ನೇನೋ ತಡೆಯುತ್ತದೆ, ಆದರೆ ತಿಂಗಳುಗಟ್ಟಲೆ ನಿಂತಿರುವ ವಾಹನದಲ್ಲಿ ತೇವ ಹೀರಿಕೊಂಡು ಒಳಗಿನ ಉಕ್ಕನ್ನು ತಿನ್ನುತ್ತದೆ.

ಕಾನೂನು ಮತ್ತೊಂದು ಹಂತ. ಅಮೆರಿಕದ ಶುದ್ಧವಾಯು ಕಾಯಿದೆ ಮಾಲಿನ್ಯ ತಡೆಯುವ ಸಾಧನಗಳನ್ನು ಕಳಚುವುದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ: ಅಲ್ಲಿನ ವಾಹನ ಸಂಹಿತೆಯ 27156ನೆಯ ಕಲಮಿನಂತೆ ಹೆಡರ್‌ನಂಥ ಭಾಗಕ್ಕೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶದ ಸಂಖ್ಯೆ ಬೇಕು, ಆ ಸಂಖ್ಯೆ ಆಯಾ ಎಂಜಿನ್ನಿಗೂ ವರ್ಷಕ್ಕೂ ಅನ್ವಯಿಸುವಂತಿರಬೇಕು, ತಪಾಸಣೆಗಾರನಿಗೆ ಕಾಣುವಂತೆ ಎಂಜಿನ್ ಬಳಿ ಅದರ ಚೀಟಿ ಅಂಟಿರಬೇಕು. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ವಾಹನಗಳಿಗೆ ಅಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1989ರ ಮೋಟರ್‌ಹೋಮಿಗೆ ಇಲ್ಲ.

ಇನ್ನು ಜೋಡಣೆ. ಇದರಲ್ಲಿ ಶ್ರಮವೆಲ್ಲ ಹಳೆಯದನ್ನು ಬಿಚ್ಚುವುದರಲ್ಲಿದೆ. ಮೂವತ್ತು ವರ್ಷ ಕಾದು ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ಕೆಲವು ದಿನಗಳಿಂದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಮತ್ತೆ ಮತ್ತೆ ಉಣಿಸಬೇಕು. ಬಿಚ್ಚುವಾಗ ಒಂದೇ ದಿಕ್ಕಿಗೆ ಜೋರು ಮಾಡದೆ, ಕಾಲುಸುತ್ತು ಸಡಿಲಿಸಿ, ತುಸು ಹಿಂದಕ್ಕೆ ಬಿಗಿದು, ಮತ್ತೆ ಸಡಿಲಿಸಿ, ಹೀಗೆ ಥ್ರೆಡ್‌ಗಳ ನಡುವಣ ತುಕ್ಕನ್ನು ಪುಡಿಮಾಡುತ್ತ ಬರುವುದು ಕ್ರಮ. ಆದರೂ ಒಂದೆರಡು ಮುರಿಯುತ್ತವೆ. ತುಂಡು ಹೆಡ್ಡಿನಿಂದ ಸ್ವಲ್ಪವಾದರೂ ಹೊರಗಿದ್ದರೆ ಅಥವಾ ಸಮಮಟ್ಟದಲ್ಲಿದ್ದರೆ ಅದರ ಮೇಲೆ ನಟ್ ಇಟ್ಟು ನಡುವೆ ಬೆಸುಗೆ ತುಂಬುತ್ತಾರೆ; ಬೆಸುಗೆಯ ತೀವ್ರ ಶಾಖ ತುಂಡನ್ನು ಹಿಗ್ಗಿಸಿ ಕುಗ್ಗಿಸಿ ತುಕ್ಕಿನ ಹಿಡಿತ ಬಿಡಿಸುತ್ತದೆ, ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿದರೆ ತುಂಡು ಹೊರಬರುತ್ತದೆ. ಒಳಗೆ ಹೂತಿದ್ದರೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಸರಿಯಾಗಿ ನಡುವೆಯೇ ಕೊರೆಯಬೇಕು. ಕೊರೆದ ರಂಧ್ರಕ್ಕೆ ಗಡಸು ಉಕ್ಕಿನ ತಿರುಪು ಹಾಕಿ ಎಳೆಯುವ ಸಾಧನ ಒಳಗೇ ಮುರಿದರೆ ಅದನ್ನು ಮತ್ತೆ ಕೊರೆಯಲು ಸಾಮಾನ್ಯ ಡ್ರಿಲ್‌ಗೆ ಸಾಧ್ಯವಿಲ್ಲ, ಹೆಡ್ಡನ್ನೇ ಇಳಿಸಬೇಕಾಗಿ ಬರಬಹುದು. ಸ್ವತಃ ಕೆಲಸಕ್ಕಿಳಿಯುವವರು ಈ ಹಂತಕ್ಕೆ ಬಂದರೆ ಅನುಭವಿಯನ್ನು ಕರೆಸುವುದೇ ಲೇಸು.

ಹೆಡ್ಡಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ನೇರವಾದ ಪಟ್ಟಿ ಇಟ್ಟು ಸಮತಲ ನೋಡಿ, ರಂಧ್ರಗಳ ಥ್ರೆಡ್‌ಗಳನ್ನು ಟ್ಯಾಪ್ ಹಾಕಿ ಶುದ್ಧ ಮಾಡಿದ ಮೇಲೆಯೇ ಹೊಸದನ್ನು ಎತ್ತಬೇಕು. ಕೊಳವೆಗಳು ಒಳಹೋಗಲು ಸ್ಟಾರ್ಟರ್, ಆಯಿಲ್ ಅಳೆಯುವ ಕಡ್ಡಿಯ ಕೊಳವೆಗಳನ್ನು ಬಿಚ್ಚಬೇಕಾಗುತ್ತದೆ, ಕೆಲವೊಮ್ಮೆ ಎಂಜಿನ್ನಿನ ಒಂದು ಬದಿಯ ಆಸರೆಯನ್ನು ಸಡಿಲಿಸಿ ಎಂಜಿನ್ನನ್ನು ಜಾಕಿನಿಂದ ತುಸು ಎತ್ತಬೇಕಾಗುತ್ತದೆ. ಎತ್ತುವ ಮೊದಲು ಫ್ಯಾನಿನ ಸುತ್ತಲ ಕವಚ ಬಿಚ್ಚದಿದ್ದರೆ ಫ್ಯಾನು ಅದಕ್ಕೆ ತಾಗುತ್ತದೆ. ಹೆಡ್ಡು ಮತ್ತು ಫ್ಲ್ಯಾಂಜ್ ನಡುವಣ ಸಂದು ಮುಚ್ಚಲು ಪೆಟ್ಟಿಗೆಯಲ್ಲಿ ಬರುವ ಕಾಗದದಂಥ ಗ್ಯಾಸ್ಕೆಟ್ ಬಿಟ್ಟು ಉಕ್ಕಿನ ಹಾಳೆಯ ಮೇಲೆ ಗ್ರಾಫೈಟ್ ಹೊದಿಸಿದ್ದನ್ನೋ ತಾಮ್ರದ್ದನ್ನೋ ಬಳಸುವುದು ಮೇಲು. ಎಲ್ಲ ಬೋಲ್ಟುಗಳನ್ನೂ ಬೆರಳಿನಲ್ಲಿಯೇ ಹಿಡಿಸಿ, ನಡುವಿನಿಂದ ತುದಿಗಳ ಕಡೆಗೆ ಹಂತಹಂತವಾಗಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ತರಬೇಕು. ಸ್ಪಾರ್ಕ್ ಪ್ಲಗ್ಗಿನ ವೈರುಗಳಿಗೆ ಶಾಖ ತಡೆಯುವ ಬೂಟು, ಸ್ಟಾರ್ಟರಿಗೆ ತಗಡಿನ ಮರೆ, ಇಂಧನ ಮತ್ತು ಬ್ರೇಕಿನ ಕೊಳವೆಗಳಿಗೆ ಸಾಕಷ್ಟು ಅಂತರ ಇವು ಐಚ್ಛಿಕವಲ್ಲ: ಕಾದ ಪೆಟ್ರೋಲ್ ಕೊಳವೆಯೊಳಗೇ ಆವಿಯಾದರೆ ಎಂಜಿನ್ ಏರಿನ ನಡುವೆ ನಿಲ್ಲುತ್ತದೆ, ಕಾದ ಬ್ರೇಕ್ ಎಣ್ಣೆ ಕುದಿದರೆ ಇಳಿಜಾರಿನಲ್ಲಿ ಪೆಡಲ್ ಹಿಡಿಯುವುದಿಲ್ಲ.

ಆಕ್ಸಿಜನ್ ಸೆನ್ಸರ್ ಈಗ ಎಂಜಿನ್ನಿನಿಂದ ದೂರ, ಕೊಳವೆಗಳು ಕೂಡುವಲ್ಲಿ ಕುಳಿತರೆ ಅಲ್ಲಿಯ ಅನಿಲ ತಂಪಾಗಿರುವುದರಿಂದ, ಒಂದೇ ತಂತಿಯ ಹಳೆಯ ಸೆನ್ಸರ್, ವಾಹನ ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ಕೆಲಸ ಬಿಟ್ಟುಬಿಡಬಹುದು. ಒಳಗೇ ಬಿಸಿಮಾಡುವ ತಂತಿಯಿರುವ ಸೆನ್ಸರನ್ನು ಅದರ ಜಾಗಕ್ಕೆ ಹಾಕುವುದು ವಾಡಿಕೆ. ಕಾರ್ಬುರೇಟರ್ ಎಂಜಿನ್ನಿನಲ್ಲಿ ಉಸಿರಾಟ ಸಲೀಸಾದಾಗ ಇಂಧನದ ಪಾಲು ಕಡಿಮೆ ಬೀಳುವ ಸಾಧ್ಯತೆ ಇದೆ. ಮಿಶ್ರಣ ತೆಳುವಾದರೆ ಅನಿಲ ಇನ್ನಷ್ಟು ಬಿಸಿಯಾಗಿ ಹೆಡರ್ ಹಾಕಿದ ಉದ್ದೇಶವೇ ಕೆಡುವುದರಿಂದ, ಪ್ಲಗ್ಗುಗಳ ಬಣ್ಣ ನೋಡಿ, ಕಾರ್ಬುರೇಟರಿನಲ್ಲಿ ಇಂಧನದ ಪ್ರಮಾಣ ನಿಯಂತ್ರಿಸುವ ಜೆಟ್ ಬದಲಿಸುವ ಕೆಲಸವನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಸೋರಿಕೆಯ ಪರೀಕ್ಷೆ. ಕಾರಿನಲ್ಲಿ ಸಣ್ಣ ಸೋರಿಕೆ ಬಹುಮಟ್ಟಿಗೆ ಸದ್ದಿನ ಕಿರಿಕಿರಿ. ಮೋಟರ್‌ಹೋಮಿನಲ್ಲಿ ಎಂಜಿನ್ ಇರುವುದೇ ಮನೆಯ ನೆಲದೊಳಗೆ, ಚಾಲಕನ ಹಿಂದೆ ಮಕ್ಕಳು ಮಲಗಿರುತ್ತಾರೆ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಡಾಗ್‌ಹೌಸಿನ ಅಂಚಿನ ಸವೆದ ರಬ್ಬರಿನ ಮೂಲಕ ಒಳಬಂದರೆ ತಲೆನೋವು, ಮಂಪರುಗಳನ್ನು ಪ್ರಯಾಣದ ಆಯಾಸವೆಂದೇ ಜನ ತಿಳಿಯುತ್ತಾರೆ. ಆದ್ದರಿಂದ ಹೆಡರ್ ಕೂರಿಸಿದ ದಿನವೇ ಆ ರಬ್ಬರನ್ನು ಬದಲಿಸಿ, ಒಳಗೆ ಕೆಲಸ ಮಾಡುವ ಅನಿಲಸೂಚಕ ಇದೆಯೆಂದೂ ಅದರ ಅವಧಿ ಮುಗಿದಿಲ್ಲವೆಂದೂ ನೋಡಿಕೊಳ್ಳಬೇಕು. ಮೊದಲ ಬಾರಿ ಪೂರ್ತಿ ಕಾದು ಆರಿದ ಮೇಲೆ ಗ್ಯಾಸ್ಕೆಟ್ ಅಮರಿ ಬೋಲ್ಟುಗಳು ಸಡಿಲವಾಗುವುದು ಸಹಜ. ತಣ್ಣಗಿರುವಾಗ ಅವನ್ನು ಮತ್ತೆ ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ, ಭಾರ ಹೊತ್ತು ಮೊದಲ ಘಟ್ಟ ಹತ್ತಿಳಿದ ಮೇಲೆ ಮಗದೊಮ್ಮೆ ಡಾಗ್‌ಹೌಸ್ ತೆಗೆದು, ಪ್ರತಿ ಸಿಲಿಂಡರಿನ ಬಾಯಿಯ ಸುತ್ತ ಹೊಸ ಮಸಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು.